ಡೌನ್‌ಹಿಲ್ ಸೈಕಲ್‌ಗೊಂದು ರ‍್ಯಾಕ್: ಭಾರವೆಲ್ಲ ಬೀಳುವುದು ಬೆಸುಗೆಯ ಮೇಲೆ

ಡೌನ್‌ಹಿಲ್ ಸೈಕಲ್ಲನ್ನು ಬೆಟ್ಟದ ನೆತ್ತಿಯವರೆಗೆ ಯಾರೂ ತುಳಿದುಕೊಂಡು ಹೋಗುವುದಿಲ್ಲ. 15ರಿಂದ 18 ಕಿಲೋ ತೂಗುವ, ಮುಂದೆಯೂ ಹಿಂದೆಯೂ 200 ಮಿಲಿಮೀಟರ್‌ನಷ್ಟು ಕುಗ್ಗಬಲ್ಲ ಶಾಕ್ ಅಬ್ಸಾರ್ಬರುಗಳಿರುವ, ಸೀಟನ್ನು ತೀರ ತಗ್ಗಿಸಿ ಕೂರಿಸಿರುವ ಈ ಸೈಕಲ್ ಇಳಿಜಾರಿಗೆಂದೇ ತಯಾರಾದದ್ದು. ಕಲ್ಲು, ಬೇರು, ಆಳೆತ್ತರದ ಜಿಗಿತ ಎಲ್ಲವನ್ನೂ ನುಂಗಿಕೊಂಡು ಇಳಿಯುವ ಈ ಯಂತ್ರ ಸಮತಟ್ಟಾದ ರಸ್ತೆಯಲ್ಲಿ ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಸವಾರನ ತೊಡೆಯನ್ನು ಸೋಲಿಸಿಬಿಡುತ್ತದೆ. ಆದ್ದರಿಂದ ಮನೆಯಿಂದ ಬೆಟ್ಟದ ಬುಡಕ್ಕೆ, ಬುಡದಿಂದ ತುದಿಗೆ ಅದನ್ನು ಸಾಗಿಸುವ ವ್ಯವಸ್ಥೆ ಈ ಕ್ರೀಡೆಯ ಅರ್ಧಭಾಗವೇ ಆಗಿದೆ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1976ರ ಅಕ್ಟೋಬರಿನಲ್ಲಿ ಆರಂಭವಾದ ‘ರೀಪ್ಯಾಕ್’ ಇಳಿಜಾರು ಓಟಗಳ ಕಾಲದಿಂದಲೂ ಇದು ಹೀಗೆಯೇ. ಹಳೆಯ ದಪ್ಪಗಾಲಿಯ ಸೈಕಲ್ಲುಗಳನ್ನು ಪಿಕಪ್ ಟ್ರಕ್ಕಿನ ಹಿಂಭಾಗದಲ್ಲಿ ತುಂಬಿಕೊಂಡು ಮೇಲೆ ಹೋಗುವುದು, ಇಳಿಯುವುದು, ಬ್ರೇಕಿನ ಕಾವಿಗೆ ಕರಗಿ ಹೋದ ಗ್ರೀಸನ್ನು ಗಾಲಿಯ ನಡುವಿನ ಹಬ್ಬಿಗೆ ಮತ್ತೆ ತುಂಬುವುದು. ಓಟಕ್ಕೆ ಆ ಹೆಸರು ಬಂದದ್ದೇ ಈ ಮರುತುಂಬುವ ಕೆಲಸದಿಂದ.

ಐದು ದಶಕಗಳಲ್ಲಿ ಸೈಕಲ್ ಬದಲಾಗಿದೆ, ಟ್ರಕ್ಕಿನ ಜಾಗಕ್ಕೆ ಕಾರು ಬಂದಿದೆ. ಇವೆರಡನ್ನೂ ಬೆಸೆಯುವ ರ‍್ಯಾಕ್ ಮಾತ್ರ ಇನ್ನೂ ಬಗೆಹರಿಯದ ಸಮಸ್ಯೆಯಾಗಿಯೇ ಉಳಿದಿದೆ. ಅಂಗಡಿಯಲ್ಲಿ ಸಿಗುವ ರ‍್ಯಾಕುಗಳಿಗೆ ಈ ಸೈಕಲ್ಲುಗಳು ಸರಿಯಾಗಿ ಕೂರುವುದಿಲ್ಲ. ಕೂರುವಂಥವು ನಮ್ಮಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಸಿಕ್ಕರೂ ಬೆಲೆ ಕೈಗೆಟುಕುವುದಿಲ್ಲ. ಹೀಗಾಗಿ ಬೆಂಗಳೂರಿನಲ್ಲಿ ಈ ಹುಚ್ಚು ಹತ್ತಿಸಿಕೊಂಡವರು ವೆಲ್ಡಿಂಗ್ ಅಂಗಡಿಗೆ ಹೋಗಿ, ಕಾಗದದ ಮೇಲೆ ಗೆರೆ ಎಳೆದು, ತಮ್ಮ ಕಾರಿಗೆ ತಕ್ಕ ರ‍್ಯಾಕ್ ಮಾಡಿಸಿಕೊಳ್ಳುತ್ತಾರೆ. ಅದರಲ್ಲಿ ತಪ್ಪಿಲ್ಲ. ಆದರೆ ಹಾಗೆ ಮಾಡಿಸುವಾಗ ಎಲ್ಲರ ಗಮನ ಸೈಕಲ್ ಕೂರುವ ತೊಟ್ಟಿಲಿನ ಮೇಲಿರುತ್ತದೆ, ರ‍್ಯಾಕ್ ಕಾರಿಗೆ ಸೇರುವ ಗಂಟಿನ ಮೇಲಿರುವುದಿಲ್ಲ. ಅಪಾಯವಿರುವುದು ಆ ಗಂಟಿನಲ್ಲಿ. ಕಾನೂನಿನ ತೊಡಕೂ ಅಲ್ಲಿಂದಲೇ ಶುರುವಾಗುತ್ತದೆ.

ಮೊದಲು ಸೈಕಲ್ಲಿನ ಅಳತೆ. ಈಗಿನ ಡೌನ್‌ಹಿಲ್ ಸೈಕಲ್ಲಿನಲ್ಲಿ ಮುಂದಿನ ಆಕ್ಸಲ್‌ನಿಂದ ಹಿಂದಿನ ಆಕ್ಸಲ್‌ಗೆ 1,250ರಿಂದ 1,300 ಮಿಲಿಮೀಟರ್, ದೊಡ್ಡ ಅಳತೆಯ ಫ್ರೇಮಿನಲ್ಲಿ ಅದಕ್ಕೂ ಹೆಚ್ಚು. 29 ಇಂಚಿನ ಗಾಲಿಗೆ ಎರಡೂವರೆ ಇಂಚು ಅಗಲದ ಟೈರು ಹಾಕಿದರೆ ಹೊರ ವ್ಯಾಸ ಸುಮಾರು 750 ಮಿಲಿಮೀಟರ್. ಅಂದರೆ ಮುಂದಿನ ಟೈರಿನ ತುದಿಯಿಂದ ಹಿಂದಿನ ಟೈರಿನ ತುದಿಗೆ ಸುಮಾರು ಎರಡು ಮೀಟರ್. ಹ್ಯಾಂಡಲ್ ಅಗಲ 780ರಿಂದ 800 ಮಿಲಿಮೀಟರ್. ಮುಂದಿನ ಫೋರ್ಕ್ ನೆಲಕ್ಕೆ ಸುಮಾರು 63 ಡಿಗ್ರಿಯಷ್ಟು ವಾಲಿರುತ್ತದೆ; ಅದರ ಎರಡು ಕೊಳವೆಗಳು ಫ್ರೇಮಿನ ಮುಂತುದಿಯ ಗಿಡ್ಡ ಕೊಳವೆಯಾದ ಹೆಡ್‌ಟ್ಯೂಬಿನ ಕೆಳಗೂ ಮೇಲೂ ಎರಡು ಹಿಡಿಕೆಗಳಿಂದ ಬಿಗಿಯಲ್ಪಟ್ಟಿರುತ್ತವೆ. ಈ ಜೋಡಿ ಹಿಡಿಕೆಯ ಕಾರಣದಿಂದ ಹ್ಯಾಂಡಲನ್ನು ಒಂದು ಮಿತಿಗಿಂತ ಹೆಚ್ಚು ತಿರುಗಿಸಿದರೆ ಕೊಳವೆ ಫ್ರೇಮಿಗೆ ತಾಗುತ್ತದೆ. ಆದ್ದರಿಂದ ಸಾಮಾನ್ಯ ಸೈಕಲ್ಲಿನಂತೆ ಹ್ಯಾಂಡಲ್ ಮಡಚಿ ಒಂದಕ್ಕೊಂದು ಒರಗಿಸಿ ಡಿಕ್ಕಿಗೆ ತುರುಕಲು ಇದು ಒಗ್ಗುವುದಿಲ್ಲ.

ಈ ಅಳತೆಗಳನ್ನು ಹಿಡಿದುಕೊಂಡು ಒಂದೊಂದೇ ರ‍್ಯಾಕ್ ನೋಡುತ್ತ ಬಂದರೆ ಸಮಸ್ಯೆ ತಾನಾಗಿಯೇ ತಿಳಿಯುತ್ತದೆ. ಮೇಲ್ಚಾವಣಿಯ ರ‍್ಯಾಕುಗಳಲ್ಲಿ ಮುಂದಿನ ಗಾಲಿ ಬಿಚ್ಚಿ ಫೋರ್ಕನ್ನು ಕಚ್ಚಿಸುವ ಬಗೆಯವು ಮೂಲತಃ ತೆಳುವಾದ 9 ಮಿಲಿಮೀಟರ್ ಕ್ವಿಕ್-ರಿಲೀಸ್ ಆಕ್ಸಲ್‌ಗಾಗಿ ರೂಪುಗೊಂಡವು; ಡೌನ್‌ಹಿಲ್ ಫೋರ್ಕಿನದು 20 ಮಿಲಿಮೀಟರ್ ದಪ್ಪದ, ಆರಪಾರ ಹಾಯುವ ಆಕ್ಸಲ್. ಅಡಾಪ್ಟರ್ ಹಾಕಿ ಹೊಂದಿಸಬಹುದಾದರೂ 17 ಕಿಲೋ ಸೈಕಲ್ಲನ್ನು ತಲೆಗಿಂತ ಮೇಲೆ ಎತ್ತಿ ಕೂರಿಸುವ ಕೆಲಸ ದಣಿದ ಮೈಗೆ ಆಗುವಂಥದ್ದಲ್ಲ. ಎಷ್ಟೋ ಕಾರುಗಳ ಚಾವಣಿಗೆ ತಯಾರಕರು ಹೇಳಿರುವ ಮಿತಿಯೇ 50ರಿಂದ 75 ಕಿಲೋ. ಡಿಕ್ಕಿಯ ಅಂಚಿಗೆ ಕೊಕ್ಕೆ ಸಿಕ್ಕಿಸಿ ಪಟ್ಟಿ ಬಿಗಿಯುವ ರ‍್ಯಾಕುಗಳು ಸೈಕಲ್ಲನ್ನು ಮೇಲಿನ ಅಡ್ಡಕೊಳವೆಯಿಂದ ತೂಗುಹಾಕುತ್ತವೆ. ಹಿಂದಿನ ಶಾಕ್ ಮತ್ತು ಲಿಂಕುಗಳಿಂದ ತುಂಬಿಹೋಗಿರುವ ಡೌನ್‌ಹಿಲ್ ಫ್ರೇಮಿನಲ್ಲಿ ಆ ತೋಳು ತೂರಲು ಜಾಗವೇ ಇರುವುದಿಲ್ಲ. ಕಾರ್ಬನ್ ಫ್ರೇಮಾದರೆ ಕೊಳವೆಯನ್ನು ಕಚ್ಚಿ ಹಿಡಿಯುವುದನ್ನೇ ತಯಾರಕರು ಬೇಡವೆನ್ನುತ್ತಾರೆ.

ಉಳಿದದ್ದು ಕಾರಿನ ಹಿಂದಿನ ಹಿಚ್‌ಗೆ, ಅಂದರೆ ಟ್ರೇಲರ್ ಎಳೆಯಲೆಂದು ಬಂಪರಿನ ಕೆಳಗೆ ಕೂರಿಸುವ ಕೊಂಡಿಗೆ, ಸೇರಿಸುವ ತಟ್ಟೆಯ ರ‍್ಯಾಕ್. ಎರಡೂ ಗಾಲಿಗಳನ್ನು ತಟ್ಟೆಯ ಮೇಲೆ ನಿಲ್ಲಿಸಿ, ಮುಂದಿನ ಟೈರನ್ನು ಕೊಕ್ಕೆಯಿಂದ ಅದುಮಿ ಹಿಡಿಯುವ ಈ ಬಗೆ ಫ್ರೇಮನ್ನು ಮುಟ್ಟುವುದೇ ಇಲ್ಲ, ಆದ್ದರಿಂದ ಒಳ್ಳೆಯದು. ಆದರೆ ಅನೇಕ ಮಾದರಿಗಳು ಗಾಲಿಯಿಂದ ಗಾಲಿಗೆ 1,220ರಿಂದ 1,300 ಮಿಲಿಮೀಟರ್‌ವರೆಗಿನ ಸೈಕಲ್ಲುಗಳಿಗೆ ಮಾತ್ರ ಹೊಂದುತ್ತವೆ. ಇನ್ನೊಂದು ತೊಡಕು ನಮ್ಮಲ್ಲಿ ಹೆಚ್ಚು ಕಾಡುವಂಥದ್ದು. ಮಾರುತಿ ಸ್ವಿಫ್ಟಿನ ಅಗಲ 1,735 ಮಿಲಿಮೀಟರ್. ಅದರ ಹಿಂದೆ ಎರಡು ಮೀಟರ್ ಉದ್ದದ ಸೈಕಲ್ಲನ್ನು ಅಡ್ಡಡ್ಡ ನಿಲ್ಲಿಸಿದರೆ ಎಡಕ್ಕೂ ಬಲಕ್ಕೂ 13 ಸೆಂಟಿಮೀಟರ್ ಗಾಲಿ ಹೊರಚಾಚುತ್ತದೆ. ಮಗ್ಗುಲಲ್ಲೇ ಉಜ್ಜಿಕೊಂಡು ನುಗ್ಗುವ ದ್ವಿಚಕ್ರ ಸವಾರರಿರುವ ನಮ್ಮ ರಸ್ತೆಗಳಲ್ಲಿ ಆ 13 ಸೆಂಟಿಮೀಟರ್ ಒಬ್ಬರ ಮೊಣಕಾಲಿಗೆ ಸಾಕು.

ನಿಲ್ಲಿಸುವ ಬದಲು ನೇತುಹಾಕಿದರೆ ಹೇಗೆಂಬ ಯೋಚನೆ ಬಲಿತದ್ದು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ. ವ್ಯಾಂಕೂವರ್ ನಗರದ ನೆತ್ತಿಯ ಮೇಲಿರುವ ಫ್ರೋಮ್, ಸೀಮೋರ್, ಸೈಪ್ರೆಸ್ ಬೆಟ್ಟಗಳಲ್ಲಿ, ಅಂದರೆ ನಾರ್ತ್ ಶೋರ್ ಎಂದು ಕರೆಯುವ ಸಾಲಿನಲ್ಲಿ, ಸವಾರರು ಒಂದು ವಾಹನದಲ್ಲಿ ನಾಲ್ಕಾರು ಸೈಕಲ್ ಹೇರಿಕೊಂಡು ದಿನಕ್ಕೆ ಹಲವು ಬಾರಿ ಮೇಲೇರಿ ಇಳಿಯುತ್ತಿದ್ದರು. ವಿಸ್ಲರ್‌ನಲ್ಲಿ 1999ರಲ್ಲಿ ಬೈಕ್ ಪಾರ್ಕ್ ತೆರೆದ ಮೇಲೆ ಅಲ್ಲಿ ಮೇಲೆ ಒಯ್ಯುವ ಕೆಲಸವನ್ನು ಸ್ಕೀ ಲಿಫ್ಟೇ ವಹಿಸಿಕೊಂಡಿತು. ಲಿಫ್ಟಿಲ್ಲದ ಬೆಟ್ಟಗಳಲ್ಲಿ ಮಾತ್ರ ವಾಹನವೇ ಗತಿ. ಅಲ್ಲಿನವರು ಎರಡು ದಾರಿ ಕಂಡುಕೊಂಡರು. ಒಂದು, ಪಿಕಪ್ಪಿನ ಹಿಂಬಾಗಿಲ ಮೇಲೆ ದಪ್ಪ ಮೆತ್ತೆ ಹಾಸಿ ಮುಂಗಾಲಿ ಹೊರಗೆ, ಹಿಂಗಾಲಿ ಒಳಗೆ ಬರುವಂತೆ ಸೈಕಲ್ಲನ್ನು ಒರಗಿಸುವುದು. ಇನ್ನೊಂದು, ಹಿಚ್‌ನಿಂದ ಒಂದು ಕಂಬ ಎಬ್ಬಿಸಿ, ಅದರ ನೆತ್ತಿಯ ಅಡ್ಡತೊಲೆಗೆ ಸೈಕಲ್ಲನ್ನು ಮುಂಗಾಲಿ ಮೇಲಾಗಿ ತೂಗುಹಾಕುವುದು. ಮೊದಮೊದಲ ನೇತಾಡುವ ರ‍್ಯಾಕುಗಳು ಫೋರ್ಕಿನ ಹಿಡಿಕೆಯನ್ನು ಹಿಡಿಯುತ್ತಿದ್ದವು. ಆಮೇಲಿನವು ಮುಂದಿನ ಗಾಲಿಯನ್ನೇ ಬುಟ್ಟಿಯಂಥ ಉಂಗುರದಲ್ಲಿ ಕೂರಿಸುತ್ತವೆ. ಎರಡನೆಯದು ಹೆಚ್ಚು ಜಾಣತನದ್ದೆಂದು ನನಗನ್ನಿಸುತ್ತದೆ. ಕೆಸರು ಮೆತ್ತಿದ ಫೋರ್ಕಿನ ಹೊಳಪುಗೊಳವೆಗೆ ಪಟ್ಟಿ ಉಜ್ಜಿದರೆ ಅದರ ಲೇಪ ಗೀರಿಹೋಗುತ್ತದೆ, ಹಾಗೆ ಗೀರಿಹೋದಲ್ಲಿಂದ ಎಣ್ಣೆ ಜಿನುಗಲು ಶುರುವಾಗುತ್ತದೆ. ಟೈರಿಗೆ ಅಂಥ ಭಯವಿಲ್ಲ.

ನೇತುಹಾಕಿದ ಸೈಕಲ್ ಕಾರಿನ ಅಗಲದೊಳಗೇ ಇರುತ್ತದೆ. ಒಂದು ಹ್ಯಾಂಡಲ್ ಮೇಲೆ, ಪಕ್ಕದ್ದು ತುಸು ಕೆಳಗೆ ಬರುವಂತೆ ಉಂಗುರಗಳನ್ನು ಏರುಪೇರಾಗಿ ಕೂರಿಸಿದರೆ ನಾಲ್ಕು ಸೈಕಲ್ಲುಗಳು ಕಾರಿನ ಬೆನ್ನಿಗೆ ಅಂಟಿಕೊಂಡಂತೆ ನಿಲ್ಲುತ್ತವೆ. ಬೆಂಗಳೂರಿನಲ್ಲಿ ಮಾಡಿಸಿದವುಗಳಲ್ಲಿ ನಾನು ನೋಡಿರುವ ಹೆಚ್ಚಿನವು ಈ ಮಾದರಿಯ ಅನುಕರಣೆಗಳೇ. ಇಲ್ಲಿ ಜೋಡಿ ಹಿಡಿಕೆಯ ಅಪ್ಪಟ ಡೌನ್‌ಹಿಲ್ ಸೈಕಲ್ಲುಗಳು ಕಡಿಮೆ. ಅವುಗಳ ದಾಯಾದಿಗಳಾದ, ಏರನ್ನೂ ತುಳಿದು ಹತ್ತಬಲ್ಲ ಎಂಡ್ಯೂರೋ ಸೈಕಲ್ಲುಗಳೇ ಹೆಚ್ಚು. ಆದರೆ ಅವೂ ಉದ್ದದಲ್ಲಿ ಕಡಿಮೆಯಿಲ್ಲ, ಮೋಟಾರು ಕೂರಿಸಿದವಾದರೆ ತೂಕ 22ರಿಂದ 25 ಕಿಲೋಗೆ ಏರುತ್ತದೆ. 2019ರಿಂದ ವಿಶ್ವ ಸ್ಪರ್ಧೆಗಳಲ್ಲಿ ಮುಂದೆ 29, ಹಿಂದೆ ಇಪ್ಪತ್ತೇಳೂವರೆ ಇಂಚಿನ ಗಾಲಿ ಹಾಕಲು ಅವಕಾಶವಾದ ಮೇಲೆ ಒಂದೇ ಸೈಕಲ್ಲಿನ ಎರಡು ಗಾಲಿಗಳ ಅಳತೆಯೂ ಒಂದೇ ಇರಬೇಕಾಗಿಲ್ಲ. ಇಷ್ಟೆಲ್ಲ ಬಗೆಯ ಸೈಕಲ್ಲುಗಳಿಗೆ ಸಿದ್ಧ ರ‍್ಯಾಕ್ ಹೊಂದದೆ ಹೋಗುವುದರಲ್ಲಿ ಆಶ್ಚರ್ಯವಿಲ್ಲ, ಮಾಡಿಸಿಕೊಳ್ಳುವ ಆಸೆಯಲ್ಲೂ ಇಲ್ಲ.

ಈಗ ಗಂಟಿನ ವಿಷಯ. ನಾಲ್ಕು ಸೈಕಲ್, ತಲಾ 17 ಕಿಲೋ, ಒಟ್ಟು 68 ಕಿಲೋ. ಕಂಬ, ತೊಲೆ, ಉಂಗುರ ಸೇರಿ ರ‍್ಯಾಕಿನ ಸ್ವಂತ ತೂಕ 40 ಕಿಲೋ ಎಂದಿಟ್ಟುಕೊಳ್ಳೋಣ. ಒಟ್ಟು 108. ಈ ಭಾರದ ಕೇಂದ್ರ ಹಿಚ್‌ನ ಬಾಯಿಂದ ಅರ್ಧ ಮೀಟರ್ ಹಿಂದಿರುತ್ತದೆ. ಹಾರೆಯಿಂದ ಬಂಡೆ ಎಬ್ಬಿಸಿದವರಿಗೆ ಗೊತ್ತು, ಭಾರವೆಷ್ಟು ಎಂಬುದರಷ್ಟೇ ಅದು ಎಷ್ಟು ದೂರದಲ್ಲಿದೆ ಎಂಬುದೂ ಮುಖ್ಯ. ಟ್ರೇಲರ್ ಎಳೆಯುವಾಗ ನೂರು ಕಿಲೋ ಭಾರ ಹಿಚ್‌ನ ಗುಂಡಿನ (ಟ್ರೇಲರ್ ಸಿಕ್ಕಿಸುವ ಉಕ್ಕಿನ ಚೆಂಡಿನ) ಮೇಲೇ ನೇರ ಕೂರುತ್ತದೆ. ಸೈಕಲ್ ರ‍್ಯಾಕಿನಲ್ಲಿ ಅಷ್ಟೇ ಭಾರ ಹಿಂದಕ್ಕೆ ಚಾಚಿಕೊಂಡು ಹಿಚ್ಚನ್ನು ತಿರುಚಿ ಕೆಳಕ್ಕೆ ಎಳೆಯುತ್ತದೆ. ‘ನನ್ನ ಹಿಚ್ ನೂರು ಕಿಲೋ ತಡೆಯುತ್ತದೆ’ ಎಂಬ ಧೈರ್ಯಕ್ಕೆ ಆದ್ದರಿಂದ ಅರ್ಥವಿಲ್ಲ. ಮೇಲಿನ ಲೆಕ್ಕದಲ್ಲಿ ಗಂಟಿನ ಮೇಲೆ ಬೀಳುವ ಬಾಗಿಸುವ ಬಲ ಸುಮಾರು 530 ನ್ಯೂಟನ್-ಮೀಟರ್, ಅದೂ ಕಾರು ನಿಂತಿರುವಾಗ. ಹಂಪು ಹಾರಿದಾಗ, ಗುಂಡಿಗೆ ಬಿದ್ದಾಗ ಅದನ್ನು ಮೂರು ಪಟ್ಟೆಂದು ಹಿಡಿಯುವುದು ವಿವೇಕ.

ನಮ್ಮ ವೆಲ್ಡಿಂಗ್ ಅಂಗಡಿಗಳಲ್ಲಿ ಗೇಟು, ಕಿಟಕಿ ಸರಳು, ಶೀಟಿನ ಚಪ್ಪರಕ್ಕೆ ಬಳಸುವ 50 ಮಿಲಿಮೀಟರ್ ಚೌಕದ ಪೈಪು ಸದಾ ಸಿಗುತ್ತದೆ, ಅದರ ಗೋಡೆಯ ದಪ್ಪ ಎಷ್ಟೋ ಸಲ 2 ಮಿಲಿಮೀಟರ್ ಮಾತ್ರ. ಆ ಪೈಪಿನಿಂದ ರ‍್ಯಾಕಿನ ಮೂಲತೋಳು, ಅಂದರೆ ಹಿಚ್‌ನೊಳಗೆ ತೂರುವ ತೋಳು, ಮಾಡಿದರೆ ನಿಂತ ಕಾರಿನಲ್ಲೇ ಕಬ್ಬಿಣದೊಳಗಿನ ಒತ್ತಡ ಸುಮಾರು 90 ಮೆಗಾಪ್ಯಾಸ್ಕಲ್ ತಲುಪುತ್ತದೆ. ಮೂರು ಪಟ್ಟಾದರೆ 270. ಸಾಮಾನ್ಯ ಮೃದು ಉಕ್ಕು ಶಾಶ್ವತವಾಗಿ ಬಾಗಲು ಶುರುವಾಗುವುದು 250ರ ಆಸುಪಾಸಿನಲ್ಲಿ. ಗೋಡೆ 3 ಮಿಲಿಮೀಟರ್ ಆದರೆ ಒತ್ತಡ 64ಕ್ಕೆ ಇಳಿಯುತ್ತದೆ. ಕಾಲು ಇಂಚು ದಪ್ಪದ ಎರಡಿಂಚಿನ ಪೈಪಾದರೆ 35ಕ್ಕೆ. ಪೈಪಿನ ಬೆಲೆಯಲ್ಲಿ ಇದರಿಂದಾಗುವ ವ್ಯತ್ಯಾಸ ಒಂದು ಸಲದ ಪೆಟ್ರೋಲ್ ಖರ್ಚಿಗೂ ಸಮನಾಗದು, ಏಕೆಂದರೆ ಮೂಲತೋಳಿಗೆ ಬೇಕಾಗುವುದು ಒಂದು ಮೀಟರಿಗಿಂತ ಕಡಿಮೆ ಉದ್ದದ ತುಂಡು.

ಬಾಗುವುದಕ್ಕಿಂತ ಹೆಚ್ಚು ಹೆದರಬೇಕಾದದ್ದು ಬಿರುಕಿಗೆ. ಬಾಗಿದ್ದು ಕಣ್ಣಿಗೆ ಕಾಣುತ್ತದೆ, ಬಿರುಕು ಸದ್ದಿಲ್ಲದೆ ಬೆಳೆಯುತ್ತದೆ. ನೇತುಹಾಕಿದ ಸೈಕಲ್ಲುಗಳು ಸೆಕೆಂಡಿಗೆ ಎರಡು ಸಲ ತೊನೆದರೂ ಬೆಂಗಳೂರಿನಿಂದ ಸಕಲೇಶಪುರದ ಕಡೆಗಿನ ನಾಲ್ಕು ಗಂಟೆಯ ದಾರಿಯಲ್ಲಿ ಸುಮಾರು 29,000 ತೊನೆತಗಳಾಗುತ್ತವೆ. ಗಟ್ಟಿಮುಟ್ಟಾದ ಕಬ್ಬಿಣ ಇದನ್ನು ತಡೆದುಕೊಂಡರೂ ಬೆಸುಗೆಯ ಅಂಚು ತಡೆಯುವುದಿಲ್ಲ. ಕಾವಿಗೆ ಸಿಕ್ಕಿ ಗಡುಸಾದ, ಸಣ್ಣ ಕೊರಕಲು ಉಳಿದ ಆ ಗೆರೆಯಲ್ಲಿ 60-70 ಮೆಗಾಪ್ಯಾಸ್ಕಲ್‌ನ ಏರಿಳಿತವೂ ಲಕ್ಷಗಟ್ಟಲೆ ಸಲ ಮರುಕಳಿಸಿದರೆ ಸೀಳು ಹುಟ್ಟಿಸಬಲ್ಲದು.

ಇದನ್ನು ನಾನು ಪುಸ್ತಕ ನೋಡಿ ಕಲಿತದ್ದಲ್ಲ. ಕೆಲವು ವರ್ಷಗಳ ಹಿಂದೆ ನಾನೂ ಇಬ್ಬರು ಗೆಳೆಯರೂ ಮಾಡಿಸಿಕೊಂಡಿದ್ದ ರ‍್ಯಾಕಿನಲ್ಲಿ ಮೂರು ಸೈಕಲ್ ಹಾಕಿಕೊಂಡು ಮಲೆನಾಡಿನಿಂದ ವಾಪಸಾಗುತ್ತಿದ್ದೆವು. ಹಾಸನ ದಾಟಿದ ಮೇಲೆ ಹಂಪು ಬಂದಾಗಲೆಲ್ಲ ಹಿಂದಿನಿಂದ ‘ಟಕ್’ ಎಂಬ ಒಂದು ಸಣ್ಣ ಸದ್ದು. ಪಟ್ಟಿ ಸಡಿಲವಾಗಿರಬೇಕೆಂದು ಎರಡು ಸಲ ನಿಲ್ಲಿಸಿ ಬಿಗಿದೆವು. ಮೂರನೆಯ ಸಲ ಒಂದು ಚಹಾದಂಗಡಿಯ ಮುಂದೆ ನಿಲ್ಲಿಸಿ, ಗೆಳೆಯ ಕಂಬದ ಬುಡಕ್ಕೆ ಮೆತ್ತಿದ್ದ ಕೆಸರನ್ನು ಒದ್ದೆ ಬಟ್ಟೆಯಿಂದ ಒರೆಸಿದ. ಕಪ್ಪು ಪೌಡರ್ ಕೋಟಿಂಗಿನ ಮೇಲೆ, ಬೆಸುಗೆಯ ಅಂಚಿಗೆ ಒತ್ತಿಕೊಂಡಂತೆ, ಕೂದಲೆಳೆಯಷ್ಟು ತೆಳುವಾದ ಗೆರೆ. ಅದರಿಂದ ಕುಂಕುಮ ಕದಡಿದ ನೀರಿನಂತೆ ತುಕ್ಕು ಇಳಿದಿತ್ತು. ತುಕ್ಕು ಹಿಡಿಯುವಷ್ಟು ಹಳೆಯ ಬಿರುಕು ಅದು, ಅಂದರೆ ಹೋಗುವಾಗಲೂ ಇತ್ತು. ಪೈಪಿನ ಮೇಲ್ಮೈಯನ್ನು ಪೂರ್ತಿ ದಾಟಿ ಎರಡೂ ಪಕ್ಕಕ್ಕೆ ಇಳಿಯಲು ಶುರುವಾಗಿತ್ತು. ನಮ್ಮ ಹಿಂದೆ ಅಷ್ಟು ದೂರವೂ ಸ್ಕೂಟರುಗಳು, ಮಕ್ಕಳನ್ನು ಕೂರಿಸಿಕೊಂಡ ಬೈಕುಗಳು ಬಂದಿದ್ದವು. ಸೈಕಲ್ಲುಗಳನ್ನು ಒಂದು ಬಾಡಿಗೆ ಗೂಡ್ಸ್ ಗಾಡಿಗೆ ಹಾಕಿ ಊರಿಗೆ ತಂದೆವು. ಮಾಡಿಕೊಟ್ಟವರನ್ನು ದೂರಲಾರೆ. ಗೇಟಿಗೆ ಹೇಗೋ ಹಾಗೆ ಅವರು ಅಂದವಾಗಿಯೇ ಬೆಸೆದಿದ್ದರು; ಇದು ಗೇಟಲ್ಲ ಎಂದು ನಾವು ಅವರಿಗೆ ಹೇಳಿರಲಿಲ್ಲ.

ಒಳ್ಳೆಯ ರ‍್ಯಾಕಿನಲ್ಲಿ ಬೆಸುಗೆ ಎಲ್ಲಿ ಬೀಳುತ್ತದೆ ಎಂಬುದೇ ಜಾಣತನ. ಬಾಗುವ ಬಲ ಅತಿ ಹೆಚ್ಚಿರುವ ಜಾಗದಲ್ಲಿ, ಪೈಪಿನ ಎಳೆತಕ್ಕೊಳಗಾಗುವ ಮೇಲ್ಮೈಗೆ ಅಡ್ಡಲಾಗಿ ಬೆಸುಗೆ ಹಾಕಬಾರದು. ಕಂಬ ಮತ್ತು ತೋಳು ಕೂಡುವಲ್ಲಿ ಮೂಲೆಪಟ್ಟಿ ಕೊಟ್ಟು ಬಲವನ್ನು ಹಂಚಬೇಕು. ಅದರ ತುದಿ ಚೂಪಾಗಿ ನಿಲ್ಲದೆ ಇಳಿಜಾರಾಗಿ ಮುಗಿಯಬೇಕು. ಹಿಚ್ ಪಿನ್ನಿನ ರಂಧ್ರವನ್ನು ಪೈಪಿನ ಅಕ್ಕಪಕ್ಕದ ಗೋಡೆಗಳ ನಡುಮಧ್ಯೆ ಕೊರೆದರೆ ಅಲ್ಲಿ ಎಳೆತವೂ ಇಲ್ಲ, ಒತ್ತೂ ಇಲ್ಲ, ಆದ್ದರಿಂದ ಬಲ ಕುಂದುವುದಿಲ್ಲ. ಮೇಲಿನಿಂದ ಕೆಳಕ್ಕೆ ಕೊರೆದರೆ ಅತಿ ಹೆಚ್ಚು ದುಡಿಯುವ ಗೋಡೆಯೇ ತೂತಾಗುತ್ತದೆ. ಹಿಚ್‌ನ ಬಾಯಿಗೂ ತೋಳಿಗೂ ನಡುವಿನ ಸಡಿಲವನ್ನು ತೆಗೆಯುವ ಬಿಗಿಬೋಲ್ಟು ಇರಲೇಬೇಕು. ಸಡಿಲವಿದ್ದರೆ ಪ್ರತಿ ತೊನೆತವೂ ಸುತ್ತಿಗೆಯ ಪೆಟ್ಟಾಗುತ್ತದೆ. ಎಲ್ಲ ಕೈಕೊಟ್ಟರೂ ರ‍್ಯಾಕ್ ರಸ್ತೆಗೆ ಬೀಳದಂತೆ ಚಾಸಿಗೆ ಒಂದು ಸರಪಣಿ ಬೇಕು. ನೇತಾಡುವ ಹಿಂದಿನ ಗಾಲಿ ಸೈಲೆನ್ಸರಿನ ಬಾಯಿಗೆ ಎದುರಾಗುತ್ತದೆಯೇ ಎಂದೂ ನೋಡಿಕೊಳ್ಳಬೇಕು; ಘಾಟಿ ಏರುವಾಗಿನ ಬಿಸಿ ಹೊಗೆಗೆ ಟೈರು ಮೆತ್ತಗಾಗಿ, ಕಾರ್ಬನ್ ರಿಮ್ ಕೆಟ್ಟ ಉದಾಹರಣೆಗಳಿವೆ.

ಇದಕ್ಕೆಲ್ಲ ಮುಂಚೆ ಕೇಳಬೇಕಾದ ಪ್ರಶ್ನೆ, ಹಿಚ್ಚನ್ನು ಕಾರಿನ ಯಾವ ಭಾಗಕ್ಕೆ ಕಚ್ಚಿಸುವುದು ಎಂಬುದು. ಅಮೆರಿಕ, ಕೆನಡಾಗಳಲ್ಲಿ ಎರಡಿಂಚಿನ ಚೌಕ ಬಾಯಿಯ ಹಿಚ್, ಯುರೋಪಿನಲ್ಲಿ 50 ಮಿಲಿಮೀಟರ್ ಗುಂಡು, ಎರಡೂ ಆಯಾ ಕಾರಿಗೆಂದೇ ಪರೀಕ್ಷೆಯಾಗಿ, ಭಾರದ ಮಿತಿ ಅಚ್ಚಾಗಿ ಬರುತ್ತವೆ. ನಮ್ಮ ಕಾರುಗಳಲ್ಲಿ ಹೆಚ್ಚಿನವುಗಳಿಗೆ ಅಂಥ ಹಿಚ್ ಇಲ್ಲ. ಥಾರ್, ಬೊಲೆರೊ, ಜಿಮ್ನಿಯಂಥ ಚಾಸಿಯ ವಾಹನಗಳಲ್ಲಿ ಹಿಂದಿನ ಅಡ್ಡತೊಲೆಗೆ ಬೋಲ್ಟು ಹಾಕಿ ಕೂರಿಸಲು ನೆಲೆಯಾದರೂ ಇದೆ. ಹ್ಯಾಚ್‌ಬ್ಯಾಕುಗಳಲ್ಲಿ ಪ್ಲಾಸ್ಟಿಕ್ ಬಂಪರಿನ ಹಿಂದಿರುವುದು ತೆಳುವಾದ ತಗಡಿನ ರಚನೆ. ಅದಕ್ಕೆ ಕಚ್ಚಿಸಿದ ಹಿಚ್ ರ‍್ಯಾಕಿಗಿಂತ ಮೊದಲು ಹರಿಯುತ್ತದೆ. ಸ್ಟೆಪ್ನಿಯ ಬೋಲ್ಟುಗಳಿಗೇ ರ‍್ಯಾಕ್ ಕೂರಿಸುವ ರೂಢಿಯೂ ನಮ್ಮಲ್ಲಿ ಇದೆ. ಹಿಂಬಾಗಿಲ ತಿರುಗಣಿಗಳು ಮೊದಲೇ ಸ್ಟೆಪ್ನಿಯ ಭಾರ ಹೊತ್ತಿರುತ್ತವೆ. ಅದರ ಮೇಲೆ ಎರಡು ಹಗುರ ಸೈಕಲ್ ಇರಲಿ ಎನ್ನಬಹುದೇನೋ, ಡೌನ್‌ಹಿಲ್ ಸೈಕಲ್ಲುಗಳನ್ನು ನಾನಂತೂ ಹಾಕಲಾರೆ.

ಕಾರಿನ ನಡೆಯೂ ಬದಲಾಗುತ್ತದೆ. ಹಿಂದಿನ ಆಕ್ಸಲ್‌ನಿಂದ ಭಾರದ ಕೇಂದ್ರ 1.4 ಮೀಟರ್ ಹಿಂದಿದ್ದು, ಕಾರಿನ ಆಕ್ಸಲ್‌ಗಳ ನಡುವೆ 2.6 ಮೀಟರ್ ಇದ್ದರೆ, ಆ 108 ಕಿಲೋ ಮುಂದಿನ ಗಾಲಿಗಳಿಂದ 58 ಕಿಲೋ ಎತ್ತಿಬಿಡುತ್ತದೆ, ಹಿಂದಿನ ಗಾಲಿಗಳ ಮೇಲೆ 166 ಕಿಲೋ ಹೇರುತ್ತದೆ. ಸ್ಟೀರಿಂಗೂ ಬ್ರೇಕಿನ ಹೆಚ್ಚಿನ ಪಾಲೂ ಮುಂದಿನ ಗಾಲಿಗಳದ್ದೇ ಎಂಬುದನ್ನು ನೆನೆದರೆ, ಮಳೆಗಾಲದ ಘಾಟಿ ತಿರುವಿನಲ್ಲಿ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನು ಈ ಎಲ್ಲದರ ನಡುವೆ ಎಲ್ಲಿ ನಿಂತಿದೆ? ಮೋಟಾರು ವಾಹನ ಕಾಯ್ದೆ, 1988ರ ಸೆಕ್ಷನ್ 52ರ ಪ್ರಕಾರ ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ಸೂಚಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಬಂದ ಸೆಕ್ಷನ್ 182ಎ ಪ್ರಕಾರ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ₹5,000 ದಂಡ ಅಥವಾ ಆರು ತಿಂಗಳವರೆಗೆ ಸಜೆ ಆಗಬಹುದು. ಪಿನ್ ಎಳೆದರೆ ಕಳಚಿ ಬರುವ ರ‍್ಯಾಕ್ ಬದಲಾವಣೆಯೆನಿಸುತ್ತದೆಯೇ? ನನ್ನ ಓದಿನಲ್ಲಿ ಇಲ್ಲ, ಅದು ಸಾಮಾನು ಒಯ್ಯುವ ಸಾಧನ. ಆದರೆ ಚಾಸಿಗೆ ಬೆಸೆದು ಕೂರಿಸಿದ ಹಿಚ್‌ಗೆ ಅದೇ ಮಾತು ಹೇಳುವುದು ಕಷ್ಟ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಬುಲ್‌ಬಾರುಗಳನ್ನು (ಬಂಪರಿನ ಮುಂದೆ ಕೂರಿಸುವ ಲೋಹದ ಕಂಬಿಗಳನ್ನು) ತೆಗೆಸಲು ರಾಜ್ಯಗಳಿಗೆ ಬರೆದದ್ದೂ ಸೆಕ್ಷನ್ 52ರ ಆಧಾರದ ಮೇಲೆಯೇ. ಬೋಲ್ಟಿನಿಂದ ಕೂರಿಸುವುದನ್ನು ನಾನು ಒತ್ತಿ ಹೇಳಲು ಇದೂ ಒಂದು ಕಾರಣ.

ಸೆಕ್ಷನ್ 194ರ ಒಂದು ಉಪಬಂಧ ಇದಕ್ಕಿಂತ ನೇರವಾಗಿ ತಟ್ಟುತ್ತದೆ. ಹೇರಿದ ಸರಕು ವಾಹನದ ಪಕ್ಕದಿಂದ ಹೊರಚಾಚಿದರೆ, ಇಲ್ಲವೇ ಮುಂದೆ, ಹಿಂದೆ, ಎತ್ತರದಲ್ಲಿ ಅನುಮತಿಸಿದ ಮಿತಿ ಮೀರಿದರೆ ದಂಡ ₹20,000. ಇದು ಕಬ್ಬಿಣದ ಸರಳು ತುಂಬಿದ ಲಾರಿಗಳನ್ನು ಮನಸ್ಸಿನಲ್ಲಿಟ್ಟು ಬರೆದ ಮಾತಿನಂತಿದೆ. ಆದರೆ ಸ್ವಿಫ್ಟಿನ ಇಕ್ಕೆಲಗಳಲ್ಲಿ ಚಾಚಿದ ಆ 13 ಸೆಂಟಿಮೀಟರಿಗೂ ಅಕ್ಷರಶಃ ಅನ್ವಯಿಸುತ್ತದೆ. ತಟ್ಟೆಯ ರ‍್ಯಾಕಿಗಿಂತ ನೇತಾಡುವ ರ‍್ಯಾಕ್ ನಮ್ಮ ರಸ್ತೆಗೆ ಹೊಂದುವುದು ಇಲ್ಲಿಯೇ: ಅಗಲದ ತಕರಾರು ಅದಕ್ಕೆ ಬರುವುದಿಲ್ಲ.

ನಂಬರ್ ಪ್ಲೇಟಿನ ತಕರಾರು ಮಾತ್ರ ಎರಡಕ್ಕೂ ಇದೆ, ಇದಕ್ಕೆ ಸದ್ಯಕ್ಕೆ ನಮ್ಮಲ್ಲಿ ದಾರಿಯೇ ಇಲ್ಲ. ಸೈಕಲ್ಲುಗಳು ಹಿಂದಿನ ಪ್ಲೇಟನ್ನೂ ಎಷ್ಟೋ ವೇಳೆ ಬ್ರೇಕ್ ದೀಪವನ್ನೂ ಮುಚ್ಚುತ್ತವೆ. ಜರ್ಮನಿ, ಬ್ರಿಟನ್ನುಗಳಲ್ಲಿ ಇದಕ್ಕೆ ಸರಳ ಉತ್ತರವಿದೆ. ರ‍್ಯಾಕಿನ ಮೇಲೆ ಅದೇ ಸಂಖ್ಯೆಯ ಇನ್ನೊಂದು ಪ್ಲೇಟು ಹಾಕಬೇಕು, ದೀಪಗಳನ್ನೂ ಅಲ್ಲಿ ಮರುಕಳಿಸಬೇಕು. ಕಾರಿನಿಂದ ತಂತಿ ಎಳೆಯಲು ಹಿಚ್‌ನ ಪಕ್ಕದಲ್ಲೇ ಸಾಕೆಟ್ ಇರುತ್ತದೆ. ಭಾರತದಲ್ಲಿ 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಕಡ್ಡಾಯವಾದ ಅತಿ ಸುರಕ್ಷತಾ ಪ್ಲೇಟನ್ನು ಒಮ್ಮೆ ಕೂರಿಸಿದರೆ ಕಳಚಲಾಗದ ಲಾಕಿನಿಂದ ಬಿಗಿಯುತ್ತಾರೆ. ಕಳ್ಳತನ ತಡೆಯಲು ಅದು ಒಳ್ಳೆಯದೇ. ಆದರೆ ಅದನ್ನು ರ‍್ಯಾಕಿಗೆ ವರ್ಗಾಯಿಸಲಾಗದು. ಅಂಗಡಿಯಲ್ಲಿ ಬರೆಸಿ ನೇತುಹಾಕಿದ ಪ್ಲೇಟಿಗೆ ಆ ಮಾನ್ಯತೆ ಇಲ್ಲ. ಪ್ಲೇಟು ಕಾಣಬೇಕೆಂಬ ನಿಯಮವನ್ನು ಪಾಲಿಸಬೇಕೆನ್ನುವ ಪ್ರಾಮಾಣಿಕ ಸವಾರನಿಗೂ ಪಾಲಿಸುವ ಬಗೆ ಗೊತ್ತಾಗುವುದಿಲ್ಲ.

ಈ ತೊಡಕನ್ನು ಬಿಡಿಸುವುದು ಅಸಾಧ್ಯವೇನಲ್ಲ. ಸಿಎನ್‌ಜಿ ಕಿಟ್ ಕೂರಿಸಲು ನಮ್ಮಲ್ಲಿ ಅನುಮೋದನೆಯ ದಾರಿಯಿದೆ, ಅಂಗವಿಕಲರಿಗಾಗಿ ವಾಹನ ಮಾರ್ಪಡಿಸಲು ಸೆಕ್ಷನ್ 52ರಲ್ಲೇ ಅವಕಾಶವಿದೆ. ಚಾವಣಿಯ ಸಾಮಾನು ರ‍್ಯಾಕುಗಳ ಪರೀಕ್ಷೆಗೆ ಐಎಸ್‌ಒ 11154 ಎಂಬ ಅಂತರರಾಷ್ಟ್ರೀಯ ಮಾನದಂಡವೂ ಇದೆ. ಕಾರಿನ ಹಿಂದೆ ಕೂರಿಸುವ ರ‍್ಯಾಕಿಗೂ ಅಂಥದ್ದೇ ಒಂದು ಕಿರು ಮಾನದಂಡ, ಮತ್ತು ಸಾರಿಗೆ ಕಚೇರಿಯಿಂದಲೇ ದೊರೆಯುವ ಮೂರನೆಯ ಅತಿ ಸುರಕ್ಷತಾ ಪ್ಲೇಟು ಬಂದರೆ ದಂಡ ಹಾಕುವವರಿಗೂ ಕಟ್ಟುವವರಿಗೂ ಗೆರೆ ಎಲ್ಲಿದೆ ಎಂದು ತಿಳಿಯುತ್ತದೆ. ಡೌನ್‌ಹಿಲ್ ಸವಾರರು ನಾವು ಬೆರಳೆಣಿಕೆಯಷ್ಟು. ಆದರೆ ಮಕ್ಕಳ ಸೈಕಲ್ಲನ್ನು ಕಾರಿನ ಹಿಂದೆ ಕಟ್ಟಿಕೊಂಡು ಊರಿಗೆ ಹೊರಡುವ ಕುಟುಂಬಗಳಿಗೂ ಇದೇ ನಿಯಮ ಬೇಕು.

ಅಲ್ಲಿಯವರೆಗೆ ಮಾಡಿಸುವವರೇ ಪರೀಕ್ಷೆಯನ್ನೂ ಮಾಡಿಸಬೇಕು. ಬಿರುಕು ಬಿಟ್ಟ ರ‍್ಯಾಕಿನ ಬದಲು ನಾವು ಮಾಡಿಸಿದ ಹೊಸದನ್ನು ಬಣ್ಣ ಬಳಿಯುವ ಮೊದಲೇ ಪರೀಕ್ಷಿಸಿದೆವು. ನೆಲಕ್ಕೆ ಬೋಲ್ಟು ಹಾಕಿದ ಕಬ್ಬಿಣದ ಬೆಂಚಿಗೆ ಹಿಚ್ ಕಚ್ಚಿಸಿ, ಕಾಲು ಇಂಚಿನ ಗೋಡೆಯ ತೋಳನ್ನು ಅದರೊಳಗೆ ಸೇರಿಸಿ, ಸೈಕಲ್ಲಿನ ಭಾರ ಬೀಳುವ ಜಾಗಕ್ಕೆ ಮರಳಿನ ಮೂಟೆಗಳನ್ನು ಒಂದೊಂದಾಗಿ ತೂಗುಹಾಕಿದೆವು, ಒಟ್ಟು 280 ಕಿಲೋ. ರ‍್ಯಾಕಿನ ಸ್ವಂತ ತೂಕ ಸೇರಿದರೆ ಹೆಚ್ಚುಕಡಿಮೆ ಮೂರು ಪಟ್ಟಿನ ಲೆಕ್ಕ. ಕಂಬದ ತುದಿಯ ಹಿಂದೆ ಗೋಡೆಯ ಮೇಲೆ ಮೇಸ್ತ್ರಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆದಿದ್ದರು. ಮೂಟೆಗಳೆಲ್ಲ ಬಿದ್ದಾಗ ಕಂಬ ಆ ಗೆರೆಯಿಂದ 11 ಮಿಲಿಮೀಟರ್ ಸರಿಯಿತು. ಹತ್ತು ನಿಮಿಷ ಹಾಗೆಯೇ ಬಿಟ್ಟು ಮೂಟೆ ಇಳಿಸಿದ ಮೇಲೆ ಒಂದು ಮಿಲಿಮೀಟರಿಗೂ ಕಡಿಮೆ ಅಂತರ ಉಳಿಸಿ ಗೆರೆಗೆ ಮರಳಿತು. ಮೇಸ್ತ್ರಿ ಬೆಸುಗೆಗಳ ಮೇಲೆ ಟಾರ್ಚ್ ಬಿಟ್ಟು, ಒಂದೊಂದನ್ನೂ ಉಗುರಿನಿಂದ ಸವರಿ ನೋಡಿದರು. ಆಮೇಲೆ ಕಂಬದ ಬುಡದಲ್ಲಿ, ಮುಂದೆ ಬಣ್ಣ ಬರಲಿರುವ ಜಾಗವನ್ನು ತೋರಿಸಿ, ‘ಇಲ್ಲಿ ಕಪ್ಪು ಬೇಡ ಸಾರ್, ಬಿಳಿ ಹೊಡೆಸಿ. ತುಕ್ಕು ಬಂದರೆ ಕಾಣಬೇಕು’ ಎಂದರು. ಆ ರ‍್ಯಾಕಿನ ಬುಡ ಈಗಲೂ ಬಿಳಿಯಾಗಿಯೇ ಇದೆ, ಹೊರಡುವ ಮುನ್ನ ಪ್ರತಿಸಲ ಅದನ್ನು ಒರೆಸುತ್ತೇವೆ.